ಹೆಜ್ಜೆಯಳತೆಯ ಊರುಗಳು: ಮದೀನಾದಿಂದ ನಮ್ಮ ಮೊಹಲ್ಲಾದವರೆಗೆ

ಈ ಲೇಖನ ಓದುವ ಮುನ್ನ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ನಿಮ್ಮ ಮನೆಯ ಹೊಸ್ತಿಲು ದಾಟಿ ಹೊರಟರೆ ಹಾಲು, ದಿನಸಿ, ಔಷಧಿ ತರಲು ಎಷ್ಟು ಹೆಜ್ಜೆ ನಡೆಯಬೇಕು? ಹಿಟ್ಟಿನ ಗಿರಣಿ ಎಲ್ಲಿದೆ? ಮಸೀದಿಗೆ ಎಷ್ಟು ನಿಮಿಷ? ಮಗುವಿನ ಶಾಲೆಗೆ? ನಿಮ್ಮ ಮನೆಯ ಎಪ್ಪತ್ತು ದಾಟಿದ ಹಿರಿಯರೊಬ್ಬರು ಯಾರ ಸ್ಕೂಟರನ್ನೂ ಕಾಯದೆ, ಯಾರ ಕೈಯನ್ನೂ ಹಿಡಿಯದೆ, ಈ ಕೆಲಸಗಳಲ್ಲಿ ಎಷ್ಟನ್ನು ತಾವೇ ಮುಗಿಸಿಕೊಂಡು ಬರಬಲ್ಲರು?

ಈ ಪ್ರಶ್ನೆಗಳಿಗೂ ಇತಿಹಾಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಇತಿಹಾಸವೆಂದರೆ ರಾಜರು, ಯುದ್ಧಗಳು, ಗುಂಬಜಗಳು ಎಂದೇ ಶಾಲೆಯಲ್ಲಿ ಓದಿದ್ದೇವೆ. ಆದರೆ ಒಬ್ಬ ಸಾಮಾನ್ಯ ಮನುಷ್ಯ ತನ್ನ ಬದುಕಿನಲ್ಲಿ ಯುದ್ಧಭೂಮಿಗೆ ಹೋದದ್ದಕ್ಕಿಂತ ಹೆಚ್ಚು ಸಲ ಅಂಗಡಿಗೆ ಹೋಗಿದ್ದಾನೆ, ಬಾವಿಗೆ ಹೋಗಿದ್ದಾನೆ, ಮಸೀದಿಗೆ ಹೋಗಿದ್ದಾನೆ. ಈ ದೈನಂದಿನ ನಡಿಗೆಯ ಇತಿಹಾಸವೂ ಇತಿಹಾಸವೇ.

ಹಿಂದಿನ ಕಾಲದಲ್ಲಿ ವಾಹನಗಳಿರಲಿಲ್ಲ, ಹಾಗಾಗಿ ಎಲ್ಲರೂ ನಡೆಯುತ್ತಿದ್ದರು, ಅದರಲ್ಲಿ ವಿಶೇಷವೇನು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಅರ್ಧ ಸತ್ಯ ಮಾತ್ರ. ನಡೆಯುವುದು ಅನಿವಾರ್ಯವಾಗಿದ್ದಿರಬಹುದು. ಆದರೆ ನಡೆದು ತಲುಪುವಷ್ಟು ಹತ್ತಿರದಲ್ಲಿ ನೀರು, ರೊಟ್ಟಿ, ಮಾರುಕಟ್ಟೆ, ಮಸೀದಿ, ಶಾಲೆಗಳನ್ನು ಇಟ್ಟದ್ದು ಅನಿವಾರ್ಯತೆಯಲ್ಲ. ಅದರ ಹಿಂದೆ ನಿಯಮಗಳಿದ್ದವು, ದಾನಗಳಿದ್ದವು, ನೆರೆಹೊರೆಯವರ ಹೊಣೆಗಾರಿಕೆಯಿತ್ತು. ಅದನ್ನು ಕಟ್ಟಿದವರಿದ್ದರು. ಅವರು ಹೇಗೆ ಕಟ್ಟಿದರು, ಅದು ಹೇಗೆ ಕಳೆಯಿತು, ಅದರಿಂದ ನಾವು, ಅದರಲ್ಲೂ ಶಾಲೆಗಳನ್ನು ನಡೆಸುವ ನಾವು, ಏನು ಕಲಿಯಬೇಕು ಎಂಬುದೇ ಈ ಲೇಖನದ ವಿಷಯ.

ದಾರಿಗೂ ಒಂದು ಹಕ್ಕಿದೆ

ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ)ರವರು ಹಿಜ್ರತ್ ಮಾಡಿ ಬಂದಾಗ ಮದೀನಾ ಒಂದೇ ಗೋಡೆಯೊಳಗಿನ ಪಟ್ಟಣವಾಗಿರಲಿಲ್ಲ. ಖರ್ಜೂರದ ತೋಟಗಳ ನಡುವೆ ಅಲ್ಲಲ್ಲಿ ಹರಡಿಕೊಂಡಿದ್ದ, ಒಂದೊಂದು ಗೋತ್ರಕ್ಕೆ ಒಂದೊಂದರಂತೆ ಇದ್ದ ಕೇರಿಗಳ ಸಮೂಹವಾಗಿತ್ತು. ಅಲ್ಲಿ ಮೊದಲು ಮಸೀದಿ ನಿರ್ಮಾಣವಾಯಿತು. ಅದರ ಗೋಡೆಗೆ ಹೊಂದಿಕೊಂಡೇ ಪ್ರವಾದಿವರ್ಯರ(ಸ) ಕುಟುಂಬದ ಕೋಣೆಗಳು ಎದ್ದವು. ನಂತರ ಪ್ರವಾದಿವರ್ಯರು(ಸ) ಮುಸ್ಲಿಮರಿಗಾಗಿ ಒಂದು ಮಾರುಕಟ್ಟೆಯ ಜಾಗವನ್ನು ಗೊತ್ತುಪಡಿಸಿದರು. ಅಲ್ಲಿ ವ್ಯಾಪಾರಿಗಳಿಂದ ಸುಂಕ ವಸೂಲು ಮಾಡಬಾರದೆಂದು ತಿಳಿಸಿದರು. ಹೀಗೆ ಪ್ರಾರ್ಥನೆ, ಮನೆ, ವ್ಯಾಪಾರ ಈ ಮೂರೂ ಕಾಲ್ನಡಿಗೆಯ ದೂರದಲ್ಲಿ ಬಂದವು.

ಇಲ್ಲಿ ಹದೀಸ್ ಗ್ರಂಥಗಳಲ್ಲಿ ಬರುವ ಒಂದು ಘಟನೆಯನ್ನು ಗಮನಿಸಬೇಕು. ಬನೂ ಸಲಿಮಾ ಎಂಬ ಗೋತ್ರದವರ ಮನೆಗಳು ಮಸೀದಿಯಿಂದ ದೂರವಿದ್ದವು. ಅವರು ಅಲ್ಲಿಂದ ಕಿತ್ತು ಬಂದು ಮಸೀದಿಯ ಪಕ್ಕದಲ್ಲಿ ನೆಲೆಸಲು ಬಯಸಿದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಇದ್ದಲ್ಲಿಯೇ ಇರುವಂತೆ ಹೇಳಿದರು. ಮಸೀದಿಗೆ ಬರುವ ಅವರ ಒಂದೊಂದು ಹೆಜ್ಜೆಯೂ ಅವರ ಲೆಕ್ಕದಲ್ಲಿ ಬರೆಯಲ್ಪಡುತ್ತದೆ ಎಂಬ ಶುಭವಾರ್ತೆ ನೀಡಿದರು. ಈ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಹಲವು ಬಾರಿ ಕೇಳಿದ್ದೇವೆ. ಆದರೆ ಬುಖಾರಿಯ ವರದಿಯಲ್ಲಿ ಇರುವ ಇನ್ನೊಂದು ಕಾರಣ ನಮ್ಮ ಗಮನಕ್ಕೆ ಬರುವುದು ಕಡಿಮೆ. ಮದೀನಾದ ಅಂಚಿನ ಪ್ರದೇಶಗಳು ಬರಿದಾಗುವುದು ಪ್ರವಾದಿವರ್ಯರಿಗೆ(ಸ) ಇಷ್ಟವಿರಲಿಲ್ಲ. ಎಲ್ಲರೂ ಒಂದೇ ಕಡೆ ಒತ್ತಿಕೊಂಡು ಕೂರದೆ, ಊರು ಹರಡಿಕೊಂಡಿದ್ದು, ಆದರೂ ನಡೆದು ಸೇರುವಂತಿರಬೇಕು ಎಂಬ ಸೂಕ್ಷ್ಮ ಯೋಚನೆ ಇದರಲ್ಲಿದೆ.

ಮಸ್ಜಿದುನ್ನಬವಿಯಿಂದ ಕುಬಾ ಮಸೀದಿಗೆ ಸುಮಾರು 3 ಕಿ.ಮೀ. ದೂರ. ಪ್ರವಾದಿವರ್ಯರು(ಸ) ಶನಿವಾರಗಳಂದು ಕೆಲವೊಮ್ಮೆ ಸವಾರಿಯಲ್ಲಿ, ಕೆಲವೊಮ್ಮೆ ನಡೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಉಮ್ರಾ ಯಾತ್ರೆಗೆ ಹೋದ ನಮ್ಮವರಲ್ಲಿ ಅನೇಕರು ಇಂದು ಅದೇ ಹಾದಿಯಲ್ಲಿ ಪಾದಚಾರಿಗಳಿಗೆಂದೇ ಮಾಡಿರುವ ಮಾರ್ಗದಲ್ಲಿ ನಡೆದು ಬಂದಿರಬಹುದು.

ನಡೆಯುವವನಿಗೆ ದಾರಿ ಸುರಕ್ಷಿತವಾಗಿರಬೇಕಷ್ಟೆ? ಅದಕ್ಕೂ ನಿಯಮಗಳು ಬಂದವು. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆದುಹಾಕುವುದು ಸತ್ಯವಿಶ್ವಾಸದ ಒಂದು ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದರು. ದಾರಿಯ ಬದಿಯಲ್ಲಿ ಕೂತು ಹರಟುವವರಿಗೆ, ಕೂರಲೇಬೇಕೆಂದಿದ್ದರೆ ದಾರಿಯ ಹಕ್ಕನ್ನು ಸಲ್ಲಿಸಿರಿ ಎಂದರು. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು, ಇವು ಆ ಹಕ್ಕುಗಳು. ಯುವಕ ಮಿತ್ರರು ಇದನ್ನು ವಿಶೇಷವಾಗಿ ಗಮನಿಸಬೇಕು. ದಾರಿಯಲ್ಲಿ ಒಬ್ಬ ಹೆಣ್ಣುಮಗಳು ನಿರ್ಭಯವಾಗಿ ನಡೆಯುವಂತಿರಬೇಕಾದರೆ ಮೊದಲು ತಗ್ಗಬೇಕಾದುದು ದಾರಿಬದಿಯಲ್ಲಿ ಕೂತವನ ದೃಷ್ಟಿ ಎಂಬ ಪಾಠ ಇದರಲ್ಲಿದೆ. ಇನ್ನು ದಾರಿಯ ಅಗಲದ ಬಗ್ಗೆ ವಿವಾದ ಬಂದರೆ ಏಳು ಮೊಳ, ಅಂದರೆ ಸುಮಾರು ಹತ್ತು ಹನ್ನೊಂದು ಅಡಿ, ಬಿಡಬೇಕೆಂಬ ತೀರ್ಪೂ ಹದೀಸ್‌ಗಳಲ್ಲಿದೆ.

ನಡಿಗೆಯಿಂದ ಇನ್ನೂ ಒಂದು ಉಪಯೋಗವಿತ್ತು. ಖಲೀಫಾ ಉಮರ್(ರ)ರವರು ರಾತ್ರಿ ಹೊತ್ತು ಕಾಲ್ನಡಿಗೆಯಲ್ಲಿ ಸುತ್ತುತ್ತಿದ್ದಾಗ ಹಸಿದು ಅಳುತ್ತಿದ್ದ ಮಕ್ಕಳನ್ನು ಕಂಡು, ಬೊಕ್ಕಸದಿಂದ ಹಿಟ್ಟಿನ ಮೂಟೆಯನ್ನು ಸ್ವತಃ ಬೆನ್ನ ಮೇಲೆ ಹೊತ್ತು ತಂದ ಪ್ರಸಂಗವನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ನಡೆಯುವವನ ಕಿವಿಗೆ ಮಾತ್ರ ಅಳು ಕೇಳಿಸುತ್ತದೆ. ಗಾಜು ಏರಿಸಿದ ಕಾರಿನೊಳಗೆ ಅದು ಕೇಳಿಸುವುದಿಲ್ಲ.

ಬಾಣ ಬಿದ್ದ ಜಾಗದಿಂದಾಚೆ

ಮದೀನಾ ಸಣ್ಣ ಊರು. ಆದರೆ ಕೆಲವೇ ವರ್ಷಗಳಲ್ಲಿ ಮುಸ್ಲಿಮರು ದೊಡ್ಡ ನಗರಗಳನ್ನೇ ಹೊಸದಾಗಿ ಕಟ್ಟಬೇಕಾಯಿತು. ಉಮರ್(ರ)ರವರ ಕಾಲದಲ್ಲಿ, ಕ್ರಿ.ಶ. 638ರ ಸುಮಾರಿಗೆ, ಇರಾಕಿನಲ್ಲಿ ಕೂಫಾ ನಗರದ ಸ್ಥಾಪನೆಯಾಯಿತು. ಇತಿಹಾಸಕಾರ ತಬರಿ ಅದರ ವಿವರ ಕೊಟ್ಟಿದ್ದಾರೆ. ಮೊದಲು ಮಸೀದಿಯ ಜಾಗ ಗುರುತಿಸಿದರು. ಒಬ್ಬ ಬಿಲ್ಲುಗಾರ ಅಲ್ಲಿ ನಿಂತು ನಾಲ್ಕೂ ದಿಕ್ಕಿಗೆ ಬಾಣ ಬಿಟ್ಟ. ಬಾಣಗಳು ಬಿದ್ದ ಜಾಗದಿಂದಾಚೆಗೆ ಮಾತ್ರ ಮನೆ ಕಟ್ಟಲು ಅನುಮತಿ ದೊರೆಯಿತು. ನಡುವಿನ ಜಾಗ ಮಸೀದಿಗೂ ಮಾರುಕಟ್ಟೆಗೂ ಸಾರ್ವಜನಿಕ ಬಯಲಾಗಿ ಉಳಿಯಿತು. ಮುಖ್ಯ ಬೀದಿಗಳು 40 ಮೊಳ, ಅನಂತರದವು 30 ಮತ್ತು 20 ಮೊಳ, ಓಣಿಗಳು 7 ಮೊಳ ಅಗಲ ಎಂದು ನಿಗದಿಯಾಯಿತು. ಬಾಣವೊಂದು ಹಾರುವ ದೂರ ಎಂದರೆ ಕೆಲವೇ ನಿಮಿಷಗಳ ನಡಿಗೆ. ನಗರದ ಹೃದಯವನ್ನು ಮನುಷ್ಯನ ತೋಳಿನ ಬಲದಿಂದ ಅಳೆದರು ಎನ್ನಬಹುದು.

ಕ್ರಿ.ಶ. 762ರಲ್ಲಿ ಅಬ್ಬಾಸಿ ಖಲೀಫಾ ಅಲ್‌ಮನ್ಸೂರ್ ದುಂಡಾಕಾರದ ಬಗ್ದಾದನ್ನು ಕಟ್ಟಿಸಿದ. ನಡುವೆ ಅರಮನೆ ಮತ್ತು ಮಸೀದಿ, ಸುತ್ತ ಗೋಡೆ, ನಾಲ್ಕು ಹೆಬ್ಬಾಗಿಲು. ಆದರೆ ಕೆಲವು ವರ್ಷಗಳಲ್ಲಿಯೇ ಭದ್ರತೆಯ ಕಾರಣದಿಂದ ಮಾರುಕಟ್ಟೆಯನ್ನು ಗೋಡೆಯ ಹೊರಗೆ, ಕರ್ಖ್ ಎಂಬಲ್ಲಿಗೆ ಸ್ಥಳಾಂತರಿಸಲಾಯಿತು. ಮುಂದೆ ಬೆಳೆದದ್ದು ಯಾವುದು ಗೊತ್ತೇ? ಅರಸನ ದುಂಡು ನಗರವಲ್ಲ, ಜನರ ಕರ್ಖ್. ದುಂಡು ನಗರ ಕಾಲಕ್ರಮದಲ್ಲಿ ಅಳಿದುಹೋಯಿತು. ಜನ ತಮ್ಮ ದಿನದ ಅಗತ್ಯ ಎಲ್ಲಿ ನಡೆದು ಮುಗಿಯುತ್ತದೋ ಅಲ್ಲಿಯೇ ಬೇರು ಬಿಡುತ್ತಾರೆ.

ಫೆಝ್: ಐದು ಅಗತ್ಯಗಳ ಮೊಹಲ್ಲಾ

ಕೂಫಾ, ಹಳೆಯ ಬಗ್ದಾದ್‌ಗಳನ್ನು ಇಂದು ಗ್ರಂಥಗಳಲ್ಲಿ ಮಾತ್ರ ಕಾಣಬಹುದು. ಆದರೆ ಕಣ್ಣಾರೆ ಕಾಣಬಹುದಾದ ಒಂದು ನಗರ ಉಳಿದಿದೆ. ಅದು ಮೊರಾಕ್ಕೊ ದೇಶದ ಫೆಝ್. 8ನೇ ಶತಮಾನದ ಕೊನೆ ಮತ್ತು 9ನೇ ಶತಮಾನದ ಆರಂಭದಲ್ಲಿ ಇದ್ರೀಸಿ ಅರಸರು ಇದನ್ನು ಸ್ಥಾಪಿಸಿದರು. ಕ್ರಿ.ಶ. 818ರ ದಂಗೆಯ ನಂತರ ಸ್ಪೇನಿನ ಕುರ್ತುಬಾದಿಂದ ಹೊರದೂಡಲ್ಪಟ್ಟ ಕುಟುಂಬಗಳು ನದಿಯ ಒಂದು ದಂಡೆಯಲ್ಲಿ, ಟುನೀಸಿಯಾದ ಕೈರವಾನದಿಂದ ಬಂದವರು ಇನ್ನೊಂದು ದಂಡೆಯಲ್ಲಿ ನೆಲೆಸಿದರು. ಈ ಹಳೆಯ ನಗರ 1981ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಓಣಿಗಳಲ್ಲಿ ಇಂದಿಗೂ ಕಾರುಗಳಿಲ್ಲ. ಸರಕು ಬರುವುದು ಕತ್ತೆ, ಹೇಸರಗತ್ತೆಗಳ ಬೆನ್ನ ಮೇಲೆ, ಇಲ್ಲವೇ ಕೈಗಾಡಿಯಲ್ಲಿ. ಹೊರೆ ಹೇರಿದ ಪ್ರಾಣಿಯನ್ನು ಹೊಡೆದುಕೊಂಡು ಬರುವವನು 'ಬಾಲಕ್!' ಎಂದು ಕೂಗುತ್ತಾನೆ. ಎಚ್ಚರ, ದಾರಿ ಬಿಡಿ ಎಂದರ್ಥ. ನಡೆಯುವವರು ಗೋಡೆಗೆ ಒರಗಿ ದಾರಿ ಬಿಡುತ್ತಾರೆ.

ಫೆಝ್‌ನ ಒಂದೊಂದು ಮೊಹಲ್ಲಾದಲ್ಲಿಯೂ ಐದು ಅಗತ್ಯಗಳು ಇರಬೇಕೆಂಬುದು ಅಲ್ಲಿನ ಪದ್ಧತಿ: ಮಸೀದಿ, ಮಕ್ಕಳ ಕುರ್‌ಆನ್ ಶಾಲೆ, ಹಮ್ಮಾಮ್ ಎಂಬ ಸಾರ್ವಜನಿಕ ಸ್ನಾನಗೃಹ, ನೀರಿನ ನಲ್ಲಿಕಟ್ಟೆ ಮತ್ತು ರೊಟ್ಟಿ ಸುಡುವ ಸಾಮೂಹಿಕ ಒಲೆ. ಓದುಗರೇ, ಈ ಪಟ್ಟಿಯನ್ನು ಮತ್ತೊಮ್ಮೆ ಓದಿ. ಆತ್ಮಕ್ಕೆ ಮಸೀದಿ, ಬುದ್ಧಿಗೆ ಶಾಲೆ, ಶುಚಿತ್ವಕ್ಕೆ ಹಮ್ಮಾಮ್, ದಾಹಕ್ಕೆ ನೀರು, ಹಸಿವಿಗೆ ರೊಟ್ಟಿ. ಶಾಲೆಯು ನೀರು ಮತ್ತು ರೊಟ್ಟಿಯ ಸಾಲಿನಲ್ಲಿಯೇ ನಿಂತಿದೆ. ಅದು ದೂರ ಹೋಗಿ ಪಡೆಯುವ ವೈಭವವಾಗಿರಲಿಲ್ಲ. ಮನೆಯ ಪಕ್ಕದಲ್ಲಿ ಸಿಗಬೇಕಾದ ಅಗತ್ಯವಾಗಿತ್ತು.

ಬೆಳಿಗ್ಗೆ ಮನೆಯಲ್ಲಿ ತಾಯಂದಿರು ಹಿಟ್ಟು ನಾದಿ, ಹಲಗೆಯ ಮೇಲೆ ಇಟ್ಟು, ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ಒಲೆಗೆ ಕಳುಹಿಸುತ್ತಿದ್ದರು. ಯಾರ ರೊಟ್ಟಿ ಯಾರದೆಂದು ತಿಳಿಯಲು ಹಿಟ್ಟಿನ ಮೇಲೆ ಮನೆಯ ಗುರುತು ಒತ್ತುವ ರೂಢಿಯೂ ಇತ್ತು. ಇಂದು ಮನೆಗಳಲ್ಲಿ ಗ್ಯಾಸ್ ಒಲೆಗಳು ಬಂದಿದ್ದರೂ ಈ ಪದ್ಧತಿ ಪೂರ್ತಿ ಅಳಿದಿಲ್ಲ. ತಲೆಯ ಮೇಲೆ ಹಲಗೆ ಹೊತ್ತು ಓಣಿಯಲ್ಲಿ ನಡೆಯುವ ಮಗುವಿಗೆ ಆ ನಡಿಗೆ ಒಂದು ಶಾಲೆಯೇ ಸರಿ. ಲೆಕ್ಕ ಕಲಿಯುತ್ತದೆ, ಹಿರಿಯರಿಗೆ ಸಲಾಮ್ ಹೇಳಲು ಕಲಿಯುತ್ತದೆ, ವಹಿಸಿದ ಕೆಲಸ ಮುಗಿಸಿ ಬರಲು ಕಲಿಯುತ್ತದೆ.

ಇಡೀ ನಗರದ ಜೋಡಣೆಯಲ್ಲಿಯೂ ಇಂತಹದೇ ಒಂದು ಕ್ರಮವಿದೆ. ಪರಂಪರೆಯ ಪ್ರಕಾರ ಕ್ರಿ.ಶ. 859ರಲ್ಲಿ ಫಾತಿಮಾ ಅಲ್‌ಫಿಹ್ರಿ ಎಂಬ ಮಹಿಳೆ ತಮಗೆ ಪಿತ್ರಾರ್ಜಿತವಾಗಿ ಬಂದ ಸಂಪತ್ತಿನಿಂದ ಸ್ಥಾಪಿಸಿದ ಅಲ್‌ಕರವಿಯ್ಯೀನ್ ಮಸೀದಿ ಮತ್ತು ವಿದ್ಯಾಕೇಂದ್ರ ನಗರದ ನಡುವೆ ಇದೆ. ಅದರ ಸಮೀಪದಲ್ಲಿ ಗಂಧದ್ರವ್ಯ, ಪುಸ್ತಕ, ಬಟ್ಟೆಯಂತಹ ಶುಚಿಯಾದ ಸರಕಿನ ಅಂಗಡಿಗಳು. 14ನೇ ಶತಮಾನದ ಅತ್ತಾರೀನ್ ಮದ್ರಸಾದ ಹೆಸರೇ ಅತ್ತರು ವ್ಯಾಪಾರಿಗಳ ಬೀದಿಯಿಂದ ಬಂದದ್ದು. ವಾಸನೆಯ, ಸದ್ದಿನ ಕಸುಬುಗಳಾದ ಚರ್ಮ ಹದಮಾಡುವುದು, ಬಣ್ಣ ಹಾಕುವುದು ನೀರು ಸಿಗುವ ನದಿಯ ಬಳಿಗೆ ಹೋದವು. ಮನೆಗಳು ಮುಖ್ಯ ಬೀದಿಯಿಂದ ಒಳಸರಿದು ಸದ್ದಿಲ್ಲದ ಓಣಿಗಳಲ್ಲಿ ಇದ್ದವು.

ಇದರ ವೆಚ್ಚ ಯಾರದು?

ಇಷ್ಟೆಲ್ಲ ತಾನಾಗಿ ಆಗುವುದಿಲ್ಲ. ನಲ್ಲಿಕಟ್ಟೆ ಕಟ್ಟಲು, ಶಾಲೆಯ ಉಸ್ತಾದರಿಗೆ ಸಂಬಳ ಕೊಡಲು, ಮಸೀದಿಯ ದೀಪಕ್ಕೆ ಎಣ್ಣೆ ಹಾಕಲು ಹಣ ಬೇಕು. ಆ ಹಣ ಹೆಚ್ಚಾಗಿ ಬಂದದ್ದು ವಕ್ಫ್‌ನಿಂದ. ಒಬ್ಬ ವ್ಯಾಪಾರಿ ತನ್ನ ಅಂಗಡಿಯನ್ನೋ, ತೋಟವನ್ನೋ, ಹಮ್ಮಾಮನ್ನೋ ವಕ್ಫ್ ಮಾಡಿದರೆ ಅದರ ಬಾಡಿಗೆ ಶಾಲೆಗೆ, ನೀರಿಗೆ, ಬಡವರಿಗೆ ಸಲ್ಲುತ್ತಿತ್ತು. ಹೀಗೆ ಮಾರುಕಟ್ಟೆಯೇ ಮೊಹಲ್ಲಾದ ಶಾಲೆಯನ್ನು ಸಾಕುತ್ತಿತ್ತು.

ಹಣದ ಜೊತೆಗೆ ಕಾನೂನೂ ಬೇಕು. ಯಾರೂ ಇನ್ನೊಬ್ಬರಿಗೆ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬ ಹದೀಸಿನ ತತ್ವವನ್ನು ನ್ಯಾಯಶಾಸ್ತ್ರಜ್ಞರು ಗೋಡೆ, ಕಿಟಕಿ, ಚರಂಡಿ, ಓಣಿಗಳ ವಿವಾದಗಳಿಗೆ ಅನ್ವಯಿಸಿದರು. 14ನೇ ಶತಮಾನದಲ್ಲಿ ಟ್ಯೂನಿಸ್ ನಗರದ ಇಬ್ನುರ್ರಾಮೀ ಎಂಬವರು ಕಟ್ಟಡಗಳ ವಿಧಿಗಳ ಬಗ್ಗೆಯೇ ಒಂದು ಗ್ರಂಥ ಬರೆದರು. ವಿಶೇಷವೆಂದರೆ ಅವರು ವೃತ್ತಿಯಲ್ಲಿ ಕಟ್ಟಡ ಕಟ್ಟುವವರು.

ಮಾರುಕಟ್ಟೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ತೂಕ ಅಳತೆಗಳ ಮೋಸ ಹಿಡಿಯುವುದು ಅವನ ಕೆಲಸ ಎಂದು ಹಲವರಿಗೆ ಗೊತ್ತು. ಆದರೆ ನಡೆಯುವವರ ದಾರಿ ಕಾಯುವುದೂ ಅವನ ಕೆಲಸವಾಗಿತ್ತು. 12ನೇ ಶತಮಾನದ ಅಶ್ಶೈಝರೀ ಎಂಬವರು ಮುಹ್ತಸಿಬರಿಗಾಗಿ ಬರೆದ ಕೈಪಿಡಿಯಲ್ಲಿ, ಜನರ ಬಟ್ಟೆ ಹರಿಯುವಂತೆ, ಮೈಗೆ ತಾಗುವಂತೆ ಸೌದೆ ಮುಂತಾದ ಹೊರೆಗಳನ್ನು ಮಾರುಕಟ್ಟೆಯೊಳಗೆ ತರುವುದನ್ನು ತಡೆಯಬೇಕೆಂದಿದೆ. ಅಂಗಡಿಯ ಜಗಲಿ ದಾರಿಗೆ ಚಾಚಿದರೆ ತೆಗೆಸಬೇಕೆಂದಿದೆ. ಇಂದು ನಮ್ಮ ಫುಟ್‌ಪಾತುಗಳ ಮೇಲೆ ಬೈಕು ನಿಲ್ಲಿಸುವವರನ್ನು, ಅಂಗಡಿಯ ಸಾಮಾನು ಹರಡುವವರನ್ನು, ಮನೆ ಕಟ್ಟುವ ಜಲ್ಲಿ ಸುರಿಯುವವರನ್ನು ಆ ಮುಹ್ತಸಿಬ್ ಕಂಡಿದ್ದರೆ ಏನು ಮಾಡುತ್ತಿದ್ದನೋ ಯೋಚಿಸಿ. ಅವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಮರೆಯಬಾರದು.

ನಮ್ಮ ನೆಲದಲ್ಲಿ

ಇದೆಲ್ಲ ಅರಬ್ ನಾಡಿನ ಕಥೆಯಾಯಿತು, ನಮ್ಮ ಕರ್ನಾಟಕದಲ್ಲೇನಿತ್ತು ಎನ್ನುವಿರಾ? ಬೀದರ್‌ಗೆ ಬನ್ನಿ. 15ನೇ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಗುಲ್ಬರ್ಗದಿಂದ (ಇಂದಿನ ಕಲಬುರಗಿ) ಇಲ್ಲಿಗೆ ತಂದ. ಹಳೆಯ ಊರಿನ ಎರಡು ಮುಖ್ಯ ಬೀದಿಗಳು ಕೂಡುವ ನಡುಮಧ್ಯೆ ಚೌಬಾರ ಎಂಬ ದುಂಡನೆಯ ಕಾವಲು ಗೋಪುರ ನಿಂತಿದೆ. ಅದರ ಎತ್ತರ ಸುಮಾರು 71 ಅಡಿ. ಊರು ನಾಲ್ಕು ಭಾಗಗಳಾಗಿ, ಒಂದೊಂದು ಭಾಗಕ್ಕೂ ಒಂದೊಂದು ತಾಲೀಮ್, ಅಂದರೆ ಗರಡಿಮನೆ, ಇತ್ತು. ಸಿದ್ದೀಕ್ ಷಾ ತಾಲೀಮ್, ನೂರ್ ಖಾನ್ ತಾಲೀಮ್ ಮುಂತಾದ ಹೆಸರುಗಳು ಇಂದಿಗೂ ಬೀದರಿನ ವಿಳಾಸಗಳಲ್ಲಿ ಉಳಿದಿವೆ. ತಾಲೀಮ್ ಎಂದರೆ ಶಿಕ್ಷಣ ಎಂದೇ ಅರ್ಥ. ಮೊಹಲ್ಲಾಕ್ಕೆ ಶಿಕ್ಷಣದ ಹೆಸರು ಬಂದ ಊರು ನಮ್ಮದು!

ಚೌಬಾರದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಕೆಲವೇ ನಿಮಿಷ ನಡೆದರೆ ಮಹಮೂದ್ ಗಾವಾನ್ ಮದ್ರಸಾ ಸಿಗುತ್ತದೆ. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗಾವಾನ್ 1472ರಲ್ಲಿ ಇದನ್ನು ಕಟ್ಟಿಸಿದ. ಮೂರು ಅಂತಸ್ತು, ಉಪನ್ಯಾಸದ ಸಭಾಂಗಣಗಳು, ವಿದ್ಯಾರ್ಥಿಗಳ ಕೋಣೆಗಳು, ಗ್ರಂಥಾಲಯ, ಮಸೀದಿ, ಹೊರಗೋಡೆಯ ಮೇಲೆ ಬಣ್ಣದ ಹೆಂಚುಗಳ ಅಲಂಕಾರ. ಅಷ್ಟು ಅಧಿಕಾರವಿದ್ದ ಪ್ರಧಾನಿ ಊರ ಹೊರಗಿನ ವಿಶಾಲ ತೋಟದಲ್ಲಿ, ಜನರ ಗದ್ದಲದಿಂದ ದೂರ, ಇದನ್ನು ಕಟ್ಟಿಸಬಹುದಿತ್ತು. ಆದರೆ ಅವನು ಆರಿಸಿದ್ದು ಊರಿನ ರಾಜಬೀದಿಯನ್ನು. ವಿದ್ಯಾರ್ಥಿ ತರಗತಿ ಮುಗಿಸಿ ಬಾಗಿಲು ದಾಟಿದರೆ ಬೀದಿ, ಬೀದಿಯ ತುದಿಯಲ್ಲಿ ಚೌಬಾರ, ಅದರ ಸುತ್ತ ಪೇಟೆ. ಊರಿನವನು ಅಂಗಡಿಗೆ ಹೋಗುವಾಗಲೂ ಮದ್ರಸಾದ ಮಿನಾರನ್ನು ನೋಡಿಕೊಂಡೇ ಹೋಗಬೇಕು. 1481ರಲ್ಲಿ ಸುಳ್ಳು ಆಪಾದನೆಗೆ ಸಿಕ್ಕಿ ಗಾವಾನ್ ಕೊಲ್ಲಲ್ಪಟ್ಟ. 17ನೇ ಶತಮಾನದ ಕೊನೆಯಲ್ಲಿ ಸ್ಫೋಟವೊಂದರಿಂದ ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದ ಭಾಗ ಇಂದಿಗೂ ಅದೇ ಬೀದಿಯಲ್ಲಿ ನಿಂತು ನಡೆದು ಹೋಗುವವರನ್ನು ನೋಡುತ್ತಿದೆ.

ಇನ್ನು ಬೆಂಗಳೂರು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯೂ ಎರಡು ಬೀದಿಗಳ ಕೂಡುವಿಕೆಯಿಂದಲೇ ಬೆಳೆದದ್ದು: ಚಿಕ್ಕಪೇಟೆ ಮತ್ತು ಇಂದು ಅವೆನ್ಯೂ ರಸ್ತೆಯೆನಿಸಿರುವ ದೊಡ್ಡಪೇಟೆ. ಸುತ್ತಲ ಬೀದಿಗಳ ಹೆಸರುಗಳನ್ನು ಓದಿದರೆ ಒಂದು ಮನೆಯ ದಿನಸಿ ಚೀಟಿ ಓದಿದಂತಾಗುತ್ತದೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಅಕ್ಕಿಯಿಂದ ಮಡಕೆಯವರೆಗೆ, ಎಣ್ಣೆಯಿಂದ ಬಳೆಯವರೆಗೆ ಒಂದೇ ಸುತ್ತಿನ ನಡಿಗೆಯಲ್ಲಿ ಮುಗಿಯುತ್ತಿತ್ತು. ಗಾಣಿಗರ ಎಣ್ಣೆ, ಕುಂಬಾರರ ಮಡಕೆ, ಮುಸ್ಲಿಂ ವ್ಯಾಪಾರಿಯ ಅಂಗಡಿ ಒಬ್ಬರಿಗೊಬ್ಬರು ಬೇಕಾಗಿದ್ದವರು. ಫೆಝ್ ಆಗಲಿ, ಬೀದರ್ ಆಗಲಿ, ಬೆಂಗಳೂರು ಪೇಟೆ ಆಗಲಿ, ಕಟ್ಟಿದವರ ಧರ್ಮ, ಭಾಷೆ ಬೇರೆಯಾದರೂ ಅಳತೆಗೋಲು ಒಂದೇ ಆಗಿತ್ತು. ಅದು ಮನುಷ್ಯನ ಕಾಲು.

ದೂರ ಹುಟ್ಟಿದ್ದು ಹೇಗೆ?

ಈ ಅಳತೆಗೋಲು ಬದಲಾದದ್ದು ಒಂದೇ ದಿನದಲ್ಲಲ್ಲ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ತಮ್ಮ ದಂಡು ಪ್ರದೇಶ ಸ್ಥಾಪಿಸಿದರು. ಪೇಟೆಗೂ ದಂಡಿಗೂ ನಡುವೆ ಬಯಲು, ಆಮೇಲೆ ಉದ್ಯಾನ. ಒಂದು ಊರು ಎರಡಾಯಿತು. ಮೊರಾಕ್ಕೊದಲ್ಲಿ 1912ರಲ್ಲಿ ಫ್ರೆಂಚರ ಆಳ್ವಿಕೆ ಆರಂಭವಾದಾಗ ಲ್ಯೋಟೆ ಎಂಬ ಅಧಿಕಾರಿ ಹಳೆಯ ನಗರಗಳನ್ನು ಹಾಗೇ ಬಿಟ್ಟು, ಯುರೋಪಿಯನ್ನರಿಗಾಗಿ ಹೊರಗೆ ಅಗಲ ರಸ್ತೆಗಳ ಹೊಸ ನಗರಗಳನ್ನು ಕಟ್ಟಿಸಿದ. ಅದರಿಂದ ಫೆಝ್‌ನ ಹಳೆಯ ಓಣಿಗಳು ಉಳಿದವು ನಿಜ. ಆದರೆ ಕಚೇರಿ, ಬ್ಯಾಂಕು, ಹೊಸ ಉದ್ಯೋಗಗಳು ಹೊರಗಾದವು. ಅನುಕೂಲಸ್ಥರು ಕ್ರಮೇಣ ಹೊರಗೆ ಹೋದರು, ಹಳೆಯ ನಗರ ಬಡವರ ಪಾಲಾಯಿತು.

ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಆಗ ಹುಟ್ಟಿದವು. ಆದರೆ ಒಂದು ಮಾತು ಗಮನಿಸಿ. ಆ ಬಡಾವಣೆಗಳಲ್ಲಿ ಗಾಳಿ ಬೆಳಕಿನ ಜೊತೆಗೆ ಮಾರುಕಟ್ಟೆ, ಶಾಲೆ, ದೇವಸ್ಥಾನಗಳೂ ನಡಿಗೆಯ ದೂರದಲ್ಲಿಯೇ ಬಂದವು. ಅಗಲ ರಸ್ತೆ ಬಂದರೆ ಎಲ್ಲವೂ ದೂರವಾಗಲೇಬೇಕೆಂದಿಲ್ಲ. ನಿಜವಾದ ದೂರ ಹುಟ್ಟಿದ್ದು ಆಮೇಲೆ, ಎಲ್ಲರ ಬಳಿಯೂ ವಾಹನವಿದೆ ಎಂದು ಭಾವಿಸಿ ನಿವೇಶನ ಹಂಚತೊಡಗಿದಾಗ. ನಿವೇಶನಗಳಿದ್ದವು, ಅಂಗಡಿ ಇರಲಿಲ್ಲ. ಮನೆಗಳಿದ್ದವು, ಶಾಲೆ ಇರಲಿಲ್ಲ. ರಸ್ತೆಯಿತ್ತು, ಫುಟ್‌ಪಾತ್ ಇರಲಿಲ್ಲ. ಕೇಂದ್ರ ಸರ್ಕಾರದ ಅಂಕಿಅಂಶಗಳ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 30 ಸಾವಿರಕ್ಕೂ ಹೆಚ್ಚು ಪಾದಚಾರಿಗಳು ಸತ್ತರು.

ಹಳೆಯದೆಲ್ಲ ಹೊನ್ನಲ್ಲ

ಇಷ್ಟು ಓದಿ, ಹಿಂದಿನ ಕಾಲವೇ ಚಂದ ಎಂದು ನಿಟ್ಟುಸಿರು ಬಿಡಬೇಡಿ. ಇತಿಹಾಸದ ವಿದ್ಯಾರ್ಥಿ ಹೊಗಳಿಕೆಯಲ್ಲಿ ಮೈಮರೆಯಬಾರದು. ಹಳೆಯ ಓಣಿಗಳಲ್ಲಿ ಕತ್ತಲೆಯಿತ್ತು, ಕೊಳಚೆಯಿತ್ತು, ರೋಗವಿತ್ತು. ಪೇಟೆಯ ಬೀದಿಗಳಲ್ಲಿ ಜಾತಿಗಳ ಗೆರೆಗಳಿದ್ದವು. ಎಲ್ಲ ಬಾವಿಗಳೂ ಎಲ್ಲರಿಗೂ ತೆರೆದಿರಲಿಲ್ಲ. ಫೆಝ್‌ನಲ್ಲಿ 1438ರಲ್ಲಿ ಯಹೂದಿಗಳನ್ನು ಹಳೆಯ ನಗರದಿಂದ ಎಬ್ಬಿಸಿ ಮೆಲ್ಲಾಹ್ ಎಂಬ ಪ್ರತ್ಯೇಕ ಕೇರಿಗೆ ಕಳುಹಿಸಲಾಯಿತು. ಅವರಿಗೂ ಎಲ್ಲವೂ ಹತ್ತಿರದಲ್ಲಿಯೇ ಇತ್ತು, ಆದರೆ ಗೋಡೆಯೊಳಗೆ.

ಹತ್ತಿರವಿರುವುದು ಬೇರೆ, ಒತ್ತಿಕೊಂಡು ಬದುಕುವುದು ಬೇರೆ. ಇಂದು ನಮ್ಮ ಅನೇಕ ಮೊಹಲ್ಲಾಗಳಲ್ಲಿ ಜನ ಹತ್ತಿರ ಹತ್ತಿರ ಇರುವುದು ಎಲ್ಲ ಅನುಕೂಲವೂ ಅಲ್ಲಿದೆಯೆಂದಲ್ಲ. ಬೇರೆಡೆ ಬಾಡಿಗೆಗೆ ಮನೆ ಸಿಗುವುದಿಲ್ಲವೆಂದು, ಗಲಭೆಯ ಭಯವೆಂದು. ಅಲ್ಲಿ ಅಂಗಡಿ, ಹೋಟೆಲು, ಮಸೀದಿ ಹೆಜ್ಜೆಗೊಂದು ಸಿಗುತ್ತವೆ. ಆದರೆ ಬ್ಯಾಂಕು, ಗ್ರಂಥಾಲಯ, ಆಟದ ಮೈದಾನ, ಹೈಸ್ಕೂಲು ಹುಡುಕಬೇಕು. ಅದನ್ನು ಹೆಜ್ಜೆಯಳತೆಯ ಊರು ಎನ್ನಲಾಗದು. ಎಲ್ಲ ಸಮುದಾಯದವರೂ ಬಂದುಹೋಗುವ ಬೀದಿ, ಎಲ್ಲ ಅಗತ್ಯಗಳೂ ಸಿಗುವ ಬೀದಿ, ಹೆಣ್ಣುಮಕ್ಕಳು ಸಂಜೆಯಲ್ಲೂ ನಿಶ್ಚಿಂತೆಯಿಂದ ನಡೆಯುವ ಬೀದಿ, ಇವು ಮೂರೂ ಸೇರಿದರೆ ಮಾತ್ರ ಅದು ಊರು.

ಹುಡುಗಿ ಬೆಳೆದಂತೆ ದೂರವಾಗುವ ಶಾಲೆ

ಈಗ ನಮ್ಮ ಸಂಘದ ಸದಸ್ಯರಿಗೆ ಅತಿ ಮುಖ್ಯವಾದ ವಿಷಯಕ್ಕೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ 2010ರಲ್ಲಿ ಕೇಂದ್ರ ರೂಪಿಸಿದ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಶಾಲೆ 1 ಕಿ.ಮೀ. ಒಳಗೆ, 6ರಿಂದ 8ರ ಶಾಲೆ 3 ಕಿ.ಮೀ. ಒಳಗೆ ಇರಬೇಕು. 2009ರಲ್ಲೇ ಆರಂಭವಾದ ಮಾಧ್ಯಮಿಕ ಶಿಕ್ಷಣ ಅಭಿಯಾನ ಹೈಸ್ಕೂಲಿಗೆ 5 ಕಿ.ಮೀ. ಗುರಿ ಇಟ್ಟುಕೊಂಡಿತ್ತು. ಈ ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ: 1, 3, 5. ಹುಡುಗಿ ಬೆಳೆದಂತೆ ಶಾಲೆ ದೂರ ಸರಿಯುತ್ತದೆ. ಮನೆಯವರ ಆತಂಕವೂ ಅದೇ ವಯಸ್ಸಿನಲ್ಲಿ ಹೆಚ್ಚುತ್ತದೆ. 1 ಕಿ.ಮೀ. ಎಂದರೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. 5 ಕಿ.ಮೀ. ಎಂದರೆ ಒಂದು ಗಂಟೆಗೂ ಹೆಚ್ಚು. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ಮನೆ. ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುವುದು ಫೇಲಾದುದರಿಂದಲ್ಲ, ಈ ದೂರದಿಂದ.

2006ರ ಸಾಚಾರ್ ಸಮಿತಿ ವರದಿ ಈ ನೋವನ್ನು ಅಂಕಿಗಳಲ್ಲಿ ಹೇಳಿತು. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಗೆ ಹೋಗಿಯೇ ಇಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ. ಮುಸ್ಲಿಮರು ಹೆಚ್ಚಾಗಿರುವ ಸಣ್ಣ ಹಳ್ಳಿಗಳಲ್ಲಿ ಮೂರನೇ ಒಂದರಷ್ಟು ಕಡೆ ಯಾವ ಶಿಕ್ಷಣ ಸಂಸ್ಥೆಯೂ ಇಲ್ಲ ಎಂದು ಅದು ದಾಖಲಿಸಿತು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಹೈಸ್ಕೂಲಿಗೆ ಸೇರುವ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದದ್ದು ಈ ದೂರವನ್ನು ಕುಗ್ಗಿಸಲಿಕ್ಕೇ.

ಹಾಗಾದರೆ ನಾವೇನು ಮಾಡಬೇಕು? ಸಂಘ ಸಂಸ್ಥೆಗಳು ಹೊಸ ಶಾಲೆಗೆ ಜಾಗ ನೋಡುವಾಗ ಎಕರೆ ಎಷ್ಟು, ಬೆಲೆ ಎಷ್ಟು ಎಂದು ಕೇಳುತ್ತವೆ. ಊರ ಹೊರಗೆ ಅಗ್ಗಕ್ಕೆ ಸಿಕ್ಕಿತೆಂದು ಸಂತೋಷಪಡುತ್ತವೆ. ಆಮೇಲೆ ವ್ಯಾನಿನ ಬಾಡಿಗೆ ಕಟ್ಟಲಾಗದ ತಂದೆ ಮಗಳನ್ನು ಬಿಡಿಸುತ್ತಾನೆ. ಜಾಗದ ಬೆಲೆಯಲ್ಲಿ ನಾವು ಉಳಿಸಿದ್ದನ್ನು ಬಡವನ ಮಗಳು ತೆತ್ತಂತಾಯಿತು. ಇನ್ನು ಮುಂದೆ ಮೂರನೆಯ ಪ್ರಶ್ನೆಯನ್ನೂ ಕೇಳೋಣ: ಎಷ್ಟು ಹೆಜ್ಜೆ? ಊರೊಳಗಿನ ಹಳೆಯ ಕಟ್ಟಡ, ಮಸೀದಿಯ ಮೇಲಂತಸ್ತು, ಬಾಡಿಗೆಗೆ ಕೊಟ್ಟಿರುವ ವಕ್ಫ್ ಅಂಗಡಿಗಳ ಹಿಂದಿನ ಜಾಗ, ಇಲ್ಲಿ ಕನಿಷ್ಠ ಒಂದು ವಾಚನಾಲಯ, ಒಂದು ಸಂಜೆ ತರಗತಿ ನಡೆಸಬಹುದಲ್ಲವೇ?

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಕೆಲಸ. ಒಂದು ಹಾಳೆಯಲ್ಲಿ ನಿಮ್ಮ ಮೊಹಲ್ಲಾದ ನಕ್ಷೆ ಬರೆಯಿರಿ. ಮನೆಯಿಂದ ಹದಿನೈದು ನಿಮಿಷದ ನಡಿಗೆಯಲ್ಲಿ ಏನೇನಿದೆ, ಏನೇನಿಲ್ಲ ಗುರುತಿಸಿ. ಯಾವ ತಿರುವಿನಲ್ಲಿ ತೆರೆದ ಚರಂಡಿಯಿದೆ, ಯಾವ ಕಡೆ ಬೀದಿದೀಪವಿಲ್ಲ, ಎಲ್ಲಿ ತಂಗಿಯರು ನಡೆಯಲು ಅಂಜುತ್ತಾರೆ ಬರೆಯಿರಿ. ಅದನ್ನು ನಗರಸಭೆಯ ಸದಸ್ಯರಿಗೆ ಕೊಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪಾದಚಾರಿಗಳಿಗೆ ಸುರಕ್ಷಿತ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿಯೇ ಸೇರಿದೆ ಎಂದು ಹೇಳಿದೆ. ಆದ್ದರಿಂದ ನೀವು ಕೇಳುವುದು ಉಪಕಾರವನ್ನಲ್ಲ, ಹಕ್ಕನ್ನು. ಪ್ಯಾರಿಸ್‌ನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ 2016ರಲ್ಲಿ ಮುಂದಿಟ್ಟ 'ಹದಿನೈದು ನಿಮಿಷದ ನಗರ' ಎಂಬ ಕಲ್ಪನೆಯನ್ನು ಜಗತ್ತು ಇಂದು ಹೊಸದೆಂದು ಚರ್ಚಿಸುತ್ತಿದೆ. ಐದು ಅಗತ್ಯಗಳ ಫೆಝ್ ಅದನ್ನು ಶತಮಾನಗಳ ಹಿಂದೆಯೇ ಬದುಕಿ ತೋರಿಸಿತ್ತು ಎಂದು ನಿಮಗೆ ಈಗ ತಿಳಿದಿದೆ.

ಬನೂ ಸಲಿಮಾದವರ ಹೆಜ್ಜೆಗಳು ಲೆಕ್ಕಕ್ಕೆ ಬರೆಯಲ್ಪಟ್ಟವು. ಶಾಲೆಗೆ ನಡೆದು ಹೋಗುವ ನಮ್ಮ ಹೆಣ್ಣುಮಕ್ಕಳ ಹೆಜ್ಜೆಗಳೂ ಬರೆಯಲ್ಪಡುತ್ತಿರಬಹುದು. ದೂರವೆಂಬ ಕಾರಣಕ್ಕೆ ಹೊಸ್ತಿಲಲ್ಲೇ ನಿಂತುಹೋದ ಹೆಜ್ಜೆಗಳಿಗೆ ಉತ್ತರ ಕೊಡಬೇಕಾದವರು ಯಾರು? ಈ ಪುಟ ಮಗುಚುವ ಮುನ್ನ ಒಮ್ಮೆ ಯೋಚಿಸಿ. ನಾಳೆ ಬೆಳಿಗ್ಗೆ ಹಾಲಿಗೆ ಹೋಗುವಾಗ ಗಾಡಿಯ ಕೀಲಿ ಮನೆಯಲ್ಲೇ ಬಿಟ್ಟು, ನಿಮ್ಮ ಬೀದಿಯನ್ನು ಒಮ್ಮೆ ಕಾಲ್ನಡಿಗೆಯಲ್ಲಿ ನೋಡಿ ಬನ್ನಿ.